ಬಿಗಿದ ಚಕ್ಕನ್ನು ಬಿಡಿಸುವ ಬಗೆ

ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಸೀಮೆಗೆ ಭತ್ತವನ್ನು ತಂದಿತು. ಭತ್ತದ ಹಿಂದೆ ಅಕ್ಕಿ ಗಿರಣಿಗಳೂ ಟ್ರಾಕ್ಟರುಗಳೂ ಬಂದುವು. ಅವುಗಳ ದುರಸ್ತಿಗಾಗಿ ಲೇಥುಗಳು ಬಂದುವು. ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ದಾರಿಯ ಒಂದು ವರ್ಕ್‌ಷಾಪಿನಲ್ಲಿ ನಾವು ಕಂಡ ಸಂಗತಿಯಿದು. ಹಳೆಯ ಚಿಕ್ಕ ಲೇಥಿನ ಚಕ್ಕು, ಎಂದರೆ ಕೆಲಸದ ತುಂಡನ್ನು ಮೂರು ದವಡೆಗಳಿಂದ ಹಿಡಿಯುವ ಭಾಗ, ಬಿಗಿದುಹೋಗಿತ್ತು. ಹುಡುಗನೊಬ್ಬನು ಬ್ಯಾಕ್ ಗೇರನ್ನು ಕೂಡಿಸಿ ಸ್ಪಿಂಡಲನ್ನು ಕಟ್ಟಿಹಾಕಿ, ಚಕ್ಕಿಗೆ ಉದ್ದನೆಯ ಸಲಾಕೆ ಸಿಕ್ಕಿಸಿ ಜಗ್ಗಿದನು. ಚಕ್ಕು ಕದಲಲಿಲ್ಲ, ಗೇರಿನ ಎರಡು ಹಲ್ಲು ಮುರಿದುವು. ಅದು ಕೊಯ್ಲಿನ ಕಾಲ. ದುರಸ್ತಿಗೆ ಬಂದಿದ್ದ ಟ್ರಾಕ್ಟರುಗಳು ಅಂಗಳದಲ್ಲೇ ನಿಂತುವು.

ಹಲ್ಲು ಏಕೆ ಮುರಿಯಿತು? ಒಂದು ಮೀಟರ್ ಸಲಾಕೆಯ ತುದಿಯಲ್ಲಿ 20 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದೆವೆನ್ನೋಣ. ಗೇರಿನ ತ್ರಿಜ್ಯ 50 ಮಿಲಿಮೀಟರ್ ಆದರೆ ಹಲ್ಲಿನ ಮೇಲೆ ಬೀಳುವುದು 400 ಕಿಲೋಗ್ರಾಂ ಭಾರ! ಸನ್ನೆಗೋಲಿನ ಈ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು.

ಇನ್ನು ಚಕ್ಕು ಬಿಗಿಯುವುದೇಕೆಂದು ನೋಡೋಣ. ತಿರುಪೆಂದರೆ ದಂಡಕ್ಕೆ ಸುತ್ತಿದ ಇಳಿಜಾರು. ಸ್ಪಿಂಡಲಿನ ವ್ಯಾಸ 38 ಮಿಲಿಮೀಟರ್, ಒಂದು ಸುತ್ತಿನ ಏರು 3 ಮಿಲಿಮೀಟರ್ ಆದರೆ, ಸುತ್ತಳತೆ ಸುಮಾರು 120 ಮಿಲಿಮೀಟರ್. ಇಳಿಜಾರು 40ಕ್ಕೆ 1. ಲೋಹಗಳ ನಡುವಣ ಘರ್ಷಣೆ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದ ತಿರುಪು ತಾನಾಗಿ ಜಾರದು. ಆದರೂ ಲೆಕ್ಕದ ಪ್ರಕಾರ, ಬಿಗಿಸಿದ ಬಲಕ್ಕಿಂತ ಬಿಡಿಸುವ ಬಲ ಕಡಮೆಯೇ ಸಾಕು. ಹಾಗಾದರೆ ಕೈಯಿಂದ ತೊಡಿಸಿದ ಚಕ್ಕು ಕೈಗೇಕೆ ಬಿಡದು? ತೊಡಿಸಿದ್ದು ಕೈ; ಬಿಗಿಸಿದ್ದು ಉಳಿ! ಲೋಹವನ್ನು ಕೊರೆಯುವಾಗ ಉಳಿಯ ಒತ್ತಡ ಚಕ್ಕನ್ನು ಬಿಗಿಯುವ ಕಡೆಗೇ ತಿರುಗಿಸುತ್ತದೆ. ತುಂಡು ಉರುಟಾಗಿರದಿದ್ದರೆ ಆ ಒತ್ತಡ ಸುತ್ತಿಗೊಮ್ಮೆ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ತುಕ್ಕೂ ಲೋಹದ ಚೂರೂ ಸೇರಿದರೆ ಹೇಳುವುದೇ ಬೇಡ.

ಪೆಟ್ಟಿನಿಂದ ಬಿಗಿದುದನ್ನು ಪೆಟ್ಟಿನಿಂದಲೇ ಬಿಡಿಸಬೇಕು. ಮೊದಲು ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯಿರಿ. ತಿರುಪಿಗೆ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬ್ಯಾಕ್ ಗೇರನ್ನು ಕೂಡಿಸಬೇಡಿ. ಲೇಥಿನ ಹಾಸಿನ ಮೇಲೆ, ಚಕ್ಕಿನ ಹಿಂಬದಿಗೆ, ಗಟ್ಟಿಮರದ ತುಂಡನ್ನಿಟ್ಟು, ಬೆಲ್ಟನ್ನು ಕೈಯಿಂದ ಹಿಮ್ಮುಖವಾಗಿ ಝಾಡಿಸಿ ಎಳೆಯಿರಿ. ದವಡೆ ಮರಕ್ಕೆ ಬಡಿದು ಚಕ್ಕು ಥಟ್ಟನೆ ನಿಲ್ಲುತ್ತದೆ. ಸ್ಪಿಂಡಲೂ ಅದರ ರಾಟೆಯೂ ಜಡತ್ವದಿಂದ ಮುಂದುವರಿಯುತ್ತವೆ. ಚಲನೆ ಕ್ಷಣಮಾತ್ರದಲ್ಲಿ ತಡೆಗೊಳ್ಳುವುದರಿಂದ ಬಲ ಬಹಳವಾಗುತ್ತದೆ. ಅದು ಗೇರಿನ ಹಲ್ಲನ್ನು ಮುಟ್ಟದೆ ತಿರುಪಿಗೇ ತಲಪುತ್ತದೆ. ಎರಡು ಮೂರು ಸಲಕ್ಕೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಇಷ್ಟಕ್ಕೂ ಬಿಡದಿದ್ದರೆ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ಕಮ್ಮಾರನನ್ನು ನೆನೆಯಿರಿ. ಕಾದ ಪಟ್ಟಿ ಹಿಗ್ಗಿ ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ. ಚಕ್ಕಿಗೆ ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕುಳದಿಂದ ಸುತ್ತಿ. ಅದು ಸ್ಪಿಂಡಲಿಗಿಂತ 50 ಡಿಗ್ರಿ ಬಿಸಿಯಾದರೆ ಅದರ ತೂತು ಸುಮಾರು 0.02 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿ ಸ್ಪಿಂಡಲಿಗೆ ಹರಿಯುವ ಮೊದಲೇ ಝಾಡಿಸಬೇಕು. ಬೆಂಕಿಯ ಜ್ವಾಲೆ ಬೇಡ, ಚಕ್ಕು ಸೊಟ್ಟಗಾದೀತು. ಬಿಟ್ಟ ಮೇಲೆ ನೀರನ್ನು ಒರಸಿ ಎಣ್ಣೆ ಹಚ್ಚಿರಿ. ಚಕ್ಕು ಕಳಚಿ ಹಾಸಿನ ಮೇಲೆ ಬೀಳದಂತೆ ಕೆಳಗೆ ಹಲಗೆಯಿಡುವುದನ್ನು ಮರೆಯಬಾರದು. ಅದರ ಕೆಳಗೆ ಬೆರಳನ್ನಂತೂ ಇಡಲೇಬಾರದು.

ತೊಡಿಸುವಾಗಿನ ಎಚ್ಚರ ಬಿಡಿಸುವಾಗಿನ ಶ್ರಮವನ್ನು ಉಳಿಸುತ್ತದೆ. ಎರಡೂ ತಿರುಪುಗಳನ್ನು ಕುಂಚದಿಂದ ಉಜ್ಜಿ, ತೊಟ್ಟು ಎಣ್ಣೆ ಹಾಕಿ, ಕೈಯಿಂದಲೇ ತಿರುಗಿಸಿ ಕೂರಿಸಿರಿ. ಮೋಟಾರಿನಿಂದ ಎಂದಿಗೂ ಬೇಡ. ಮುರಿದ ಹಲ್ಲುಗಳ ಆ ಗೇರು ಈಗ ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಸನ್ನೆಗೋಲಿನ ಪಾಠದ ದಿನ ನಾವು ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ.