ಕಲ್ಯಾಣದಿಂದ ಹುಮನಾಬಾದಿಗೆ ದೂರ ಸೊನ್ನೆ?

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ದೂರವೆಷ್ಟು? ಬಸ್ಸಿನ ಕಂಡಕ್ಟರನ್ನು ಕೇಳಿದರೆ ತಡವಿಲ್ಲದೆ ಹೇಳಿಯಾನು. ಇದೇ ಪ್ರಶ್ನೆಯನ್ನು ತ್ರಿಕೋನಮಿತಿಗೆ ಹಾಕಿದರೆ ಇಪ್ಪತ್ತೆರಡು ಕಿಲೋಮೀಟರ್, ಇಪ್ಪತ್ತೆಂಟೂವರೆ ಕಿಲೋಮೀಟರ್, ಸೊನ್ನೆ ಎಂಬ ಮೂರು ಉತ್ತರಗಳು ಬರಬಹುದು! ಮೂರೂ ಸಲ ಬಳಸಿದ್ದು ಒಂದೇ ಸೂತ್ರ. ಅದರಲ್ಲಿ ತಪ್ಪೇನೂ ಇಲ್ಲ. ದಶಮಾಂಶ ಬಿಂದುವಿನ ಮುಂದೆ ಎಷ್ಟು ಅಂಕಿ ಉಳಿಸಿಕೊಂಡೆವು ಎಂಬುದರಲ್ಲಿದೆ ಗುಟ್ಟು.

ಬಸವಕಲ್ಯಾಣ ಇರುವುದು ಸುಮಾರು 17.87 ಡಿಗ್ರಿ ಉತ್ತರ ಅಕ್ಷಾಂಶ, 76.95 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹುಮನಾಬಾದ್ ಸುಮಾರು 17.77 ಮತ್ತು 77.13ರಲ್ಲಿ. ಭೂಮಿಯ ಕೇಂದ್ರದಿಂದ ಈ ಎರಡೂ ಊರುಗಳಿಗೆ ಗೆರೆ ಎಳೆದರೆ ನಡುವೆ ಏರ್ಪಡುವ ಕೋನ ಹನ್ನೆರಡು ಮಿನಿಟು, ಅಂದರೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು. ಪುಸ್ತಕಗಳಲ್ಲಿರುವ ಪ್ರಸಿದ್ಧ ಸೂತ್ರ ಈ ಕೋನದ ಕೊಸೈನನ್ನು ಕೊಡುತ್ತದೆ. ಅದರ ಬೆಲೆ 0.999994. ಇದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ನೇರ ದೂರ 22 ಕಿಲೋಮೀಟರ್. ಐದೇ ಅಂಕಿ ಉಳಿಸಿಕೊಂಡು 0.99999 ಎಂದು ಬರೆದರೆ ದೂರ 28.5 ಕಿಲೋಮೀಟರಿಗೆ ಏರುತ್ತದೆ. ಕಾಲೇಜು ಹುಡುಗರು ಬಳಸುತ್ತಿದ್ದ ನಾಲ್ಕಂಕಿಯ ಕೋಷ್ಟಕ ತೆರೆದರೆ ಅಲ್ಲಿರುವುದು 1.0000. ಕೊಸೈನ್ ಒಂದಾದರೆ ಕೋನ ಸೊನ್ನೆ. ಎರಡು ಊರುಗಳೂ ಒಂದೇ ಜಾಗದಲ್ಲಿ!

ವಿಚಿತ್ರವೆಂದರೆ, ಅದೇ ನಾಲ್ಕಂಕಿಯ ಕೋಷ್ಟಕದ ಸೈನ್ ಪುಟದಲ್ಲಿ ಇದೇ ಕೋನಕ್ಕೆ 0.0035 ಎಂದಿದೆ. ಅದರಿಂದ ಬರುವ ದೂರ 22.3 ಕಿಲೋಮೀಟರ್. ಸಣ್ಣ ಕೋನದ ಕೊಸೈನ್ ಒಂದಕ್ಕೆ ಅಂಟಿಕೊಂಡೇ ಇರುವುದರಿಂದ ಅದರ ಸುದ್ದಿಯೆಲ್ಲ ಕೊನೆಯ ಅಂಕಿಗಳಲ್ಲಿ ಅಡಗಿರುತ್ತದೆ. ಸೈನ್ ಹಾಗಲ್ಲ, ಕೋನದ ಜೊತೆಗೇ ಏರಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ನಾವಿಕರು ದೂರದ ಲೆಕ್ಕಕ್ಕೆ ಸೈನನ್ನೇ ಆಧರಿಸಿದ ‘ಹ್ಯಾವರ್ಸೈನ್’ ಸೂತ್ರ ಬಳಸಿದ್ದು ಇದಕ್ಕಾಗಿಯೇ.

ಭಾಸ್ಕರನ ಜ್ಯಾ

ಈ ವಿದ್ಯೆ ಕಲ್ಯಾಣದ ಸೀಮೆಗೆ ಹೊಸದೇನಲ್ಲ. ಭಾಸ್ಕರಾಚಾರ್ಯ 1114ರಲ್ಲಿ ಹುಟ್ಟಿದಾಗ ಕಲ್ಯಾಣದ ಸಿಂಹಾಸನದ ಮೇಲಿದ್ದವನು ಚಾಲುಕ್ಯರ ಆರನೇ ವಿಕ್ರಮಾದಿತ್ಯ. ತನ್ನ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದು ಆಚಾರ್ಯ ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಖಾನದೇಶದ ಪಾಟಣದ ಆಸುಪಾಸಿನದೆಂದು ಬೇರೆ ಕೆಲವರೂ ವಾದಿಸುತ್ತಾರೆ. ‘ಸಿದ್ಧಾಂತ ಶಿರೋಮಣಿ’ ಸಿದ್ಧವಾದದ್ದು 1150ರಲ್ಲಿ, ಆತನ ಮೂವತ್ತಾರನೇ ವಯಸ್ಸಿನಲ್ಲಿ.

ಇಂದು ‘ಸೈನ್’ ಎನ್ನುವುದಕ್ಕೆ ನಮ್ಮವರ ಹೆಸರು ಜ್ಯಾ. ಬಿಲ್ಲಿನ ಹೆದೆ ಎಂದರ್ಥ. ವೃತ್ತದ ಪರಿಧಿಯನ್ನು 21,600 ಕಲೆಗಳಾಗಿ, ಅಂದರೆ ಮಿನಿಟುಗಳಾಗಿ ಭಾಗಿಸಿದರೆ ತ್ರಿಜ್ಯ 3438 ಕಲೆಯಾಗುತ್ತದೆ. ಕಂಸ, ಹೆದೆ ಎರಡಕ್ಕೂ ಒಂದೇ ಅಳತೆಗೋಲು ಇರುವುದರಿಂದ ಸಣ್ಣ ಕೋನಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 499ರ ‘ಆರ್ಯಭಟೀಯ’ದಲ್ಲಿ 225 ಕಲೆಗೆ ಜ್ಯಾ 225 ಎಂದೇ ಇದೆ. ಕಲ್ಯಾಣ–ಹುಮನಾಬಾದಿನ ಹನ್ನೆರಡು ಕಲೆಗೆ ಜ್ಯಾ ಹನ್ನೆರಡೇ. ಕೋಷ್ಟಕ ನೋಡುವ ತೊಂದರೆಯೂ ಇಲ್ಲ.

ಭಾಸ್ಕರ ಇಪ್ಪತ್ತನಾಲ್ಕು ಜ್ಯಾಗಳ ಹಳೆಯ ಕೋಷ್ಟಕಕ್ಕೆ ನಿಲ್ಲಲಿಲ್ಲ. ‘ಜ್ಯೋತ್ಪತ್ತಿ’ ಭಾಗದಲ್ಲಿ ಒಂದೊಂದು ಡಿಗ್ರಿಗೂ ಜ್ಯಾ ಪಡೆಯುವ ಉಪಾಯ ಕೊಟ್ಟ. ಕೈಯಲ್ಲಿರುವ ಜ್ಯಾದಿಂದ ಅದರ 6569ನೇ ಒಂದು ಭಾಗವನ್ನು ಕಳೆಯಬೇಕು. ಕೋಟಿಜ್ಯಾವನ್ನು, ಅಂದರೆ ಕೊಸೈನನ್ನು, ಹತ್ತರಿಂದ ಗುಣಿಸಿ 573ರಿಂದ ಭಾಗಿಸಿ ಕೂಡಿಸಬೇಕು. ಮುಂದಿನ ಡಿಗ್ರಿಯ ಜ್ಯಾ ಸಿದ್ಧ.

ಇಲ್ಲೊಂದು ಅಪಾಯವಿದೆ. ಒಂದು ಹೆಜ್ಜೆಯ ತಪ್ಪು ಮುಂದಿನ ಹೆಜ್ಜೆಗೆ ಬಳುವಳಿಯಾಗಿ ಹೋಗುತ್ತದೆ. ತೊಂಬತ್ತು ಹೆಜ್ಜೆಯ ಹೊತ್ತಿಗೆ ಅದು ಎಷ್ಟಾದೀತು? ನಡುವೆ ಎಲ್ಲೂ ಭಿನ್ನರಾಶಿಗಳನ್ನು ಕತ್ತರಿಸದೆ ಲೆಕ್ಕ ಹಾಕಿದರೆ ತೊಂಬತ್ತನೇ ಡಿಗ್ರಿಯಲ್ಲಿ ಸಿಗುವ ಜ್ಯಾ 3438.02. ಬರಬೇಕಾದದ್ದು 3438. ನಡುವಿನ ಯಾವ ಡಿಗ್ರಿಯಲ್ಲೂ ವ್ಯತ್ಯಾಸ ಒಂದು ಕಲೆಯ ಇಪ್ಪತ್ತೈದನೇ ಒಂದು ಭಾಗವನ್ನು ಮೀರುವುದಿಲ್ಲ. ಪೂರ್ಣಾಂಕಗಳ ಕೋಷ್ಟಕಕ್ಕೆ ಇದು ಧಾರಾಳವಾಗಿ ಸಾಕು.

ಯಂತ್ರದ ‘ಪೈ’

ಇನ್ನು ಕಂಪ್ಯೂಟರಿಗೆ ಬರೋಣ. ಸಂಖ್ಯಾಶಾಸ್ತ್ರಜ್ಞರು ಲೋಕದಾದ್ಯಂತ ಬಳಸುವ ‘ಆರ್’ ಎಂಬ ತಂತ್ರಾಂಶವಿದೆ. 180 ಡಿಗ್ರಿಯ, ಅಂದರೆ ಪೈ ರೇಡಿಯನ್‌ನ ಸೈನ್ ಸೊನ್ನೆ ಎಂಬುದನ್ನು ಶಾಲೆಯ ಹುಡುಗರೂ ಬಲ್ಲರು. ‘ಆರ್’ ಕೊಡುವ ಉತ್ತರ ಸೊನ್ನೆಯಲ್ಲ. ದಶಮಾಂಶ ಬಿಂದುವಿನ ನಂತರ ಹದಿನೈದು ಸೊನ್ನೆಗಳಾದ ಮೇಲೆ 1224647 ಎಂಬ ಅಂಕಿಗಳು! ಮೊದಲ ಸಲ ಕಂಡವರು ತಂತ್ರಾಂಶವೇ ಕೆಟ್ಟಿದೆ ಎಂದುಕೊಳ್ಳುವುದುಂಟು.

ಕೆಟ್ಟಿಲ್ಲ. ಕಂಪ್ಯೂಟರು ಒಂದು ಸಂಖ್ಯೆಗೆ ಮೀಸಲಿಡುವ ಜಾಗ 53 ದ್ವಿಮಾನ ಅಂಕಿಗಳು, ನಮ್ಮ ದಶಮಾನದಲ್ಲಿ ಸುಮಾರು ಹದಿನಾರು. 1985ರ ಅಂತರರಾಷ್ಟ್ರೀಯ ಮಾನಕದಿಂದ ಇದು ರೂಢಿಗೆ ಬಂತು. ಪೈಗೆ ಕೊನೆಯಿಲ್ಲ. ಯಂತ್ರದೊಳಗೆ ಕುಳಿತಿರುವುದು ಪೈ ಅಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ ಇನ್ನೊಂದು ಸಂಖ್ಯೆ. ಎಷ್ಟು ಕಡಿಮೆಯೋ ಅಷ್ಟೇ ಅದರ ಸೈನ್. ಹೀಗಾಗಿ ಯಂತ್ರ ತನ್ನ ಕೈಗೆ ಬಂದ ಸಂಖ್ಯೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಕೊರತೆ ಇರುವುದು ನಾವು ಕೊಟ್ಟ ಪೈನಲ್ಲಿ.

ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಹೇಳಿ ಅದನ್ನು ‘ಆಸನ್ನ’, ಅಂದರೆ ಹತ್ತಿರದ್ದು, ಎಂದು ಕರೆದ. ಭಾಸ್ಕರ 3927/1250ನ್ನು ಸೂಕ್ಷ್ಮವೆಂದೂ 22/7ನ್ನು ಸ್ಥೂಲವೆಂದೂ ಬೇರ್ಪಡಿಸಿದ. ಕಂಪ್ಯೂಟರಿನ ಪೈ ಕೂಡ ಆಸನ್ನವೇ, ತುಸು ಹೆಚ್ಚು ಸೂಕ್ಷ್ಮ ಅಷ್ಟೆ. ಇದರ ಪರಿಹಾರಕ್ಕಾಗಿ 2014ರಲ್ಲಿ ‘ಆರ್’ನ 3.1.0 ಆವೃತ್ತಿಯಲ್ಲಿ ಹೊಸ ಫಲನಗಳು ಸೇರಿದವು. ಇವಕ್ಕೆ ಕೋನವನ್ನು ಪೈನ ಎಷ್ಟು ಪಾಲು ಎಂದು ಹೇಳಿದರಾಯಿತು. ಒಂದು ಪಾಲಿಗೆ ಸೈನ್ ನಿಖರವಾಗಿ ಸೊನ್ನೆ.

ಸುತ್ತು ಕಳೆಯುವ ಲೆಕ್ಕ

ಕೋನ ದೊಡ್ಡದಾದರೆ ಕಷ್ಟವೂ ದೊಡ್ಡದು. ಒಂದರ ಮುಂದೆ 22 ಸೊನ್ನೆಗಳಿರುವ ರೇಡಿಯನ್‌ಗಳ ಸೈನ್ ಬೇಕಾದರೆ ಮೊದಲು ಪೂರ್ಣ ಸುತ್ತುಗಳನ್ನೆಲ್ಲ ಕಳೆಯಬೇಕು. ಹದಿನಾರಂಕಿಯ ಪೈನಿಂದ ಕಳೆದರೆ ತಪ್ಪು ಲಕ್ಷಗಟ್ಟಲೆ ರೇಡಿಯನ್‌ಗಳಷ್ಟಾಗುತ್ತದೆ. ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಸರಿಯಾದ ಉತ್ತರ –0.8522. ಒಳ್ಳೆಯ ತಂತ್ರಾಂಶಗಳು ಪೈನ ನೂರಾರು ಅಂಕಿಗಳನ್ನು ಬಚ್ಚಿಟ್ಟುಕೊಂಡು ಇದನ್ನು ಪಡೆಯುತ್ತವೆ. ಯಂತ್ರದ ಚಿಪ್ಪಿನಲ್ಲೇ ಇರುವ ಸೈನ್ ಆದೇಶವನ್ನು ನೆಚ್ಚುವಂತಿಲ್ಲ. ಇಂಟೆಲ್ ಚಿಪ್ಪುಗಳ ಈ ಆದೇಶ ಪೈಗೆ ತೀರ ಸಮೀಪದ ಕೋನಗಳಲ್ಲಿ ಕೈಪಿಡಿ ಹೇಳುವಷ್ಟು ನಿಖರವಲ್ಲ ಎಂಬುದು 2014ರಲ್ಲಿ ಬೆಳಕಿಗೆ ಬಂದು, ಕಂಪನಿ ಕೈಪಿಡಿಯನ್ನು ತಿದ್ದಿತು.

ಸುತ್ತು ಕಳೆಯುವ ಈ ಕೆಲಸ ಪಂಚಾಂಗದವರಿಗೆ ನಿತ್ಯದ್ದು. ಸಿದ್ಧಾಂತ ಗ್ರಂಥಗಳು 432 ಕೋಟಿ ವರ್ಷದ ಕಲ್ಪದಲ್ಲಿ ಗ್ರಹ ಎಷ್ಟು ಸುತ್ತು ಬರುತ್ತದೆ ಎಂಬುದನ್ನು ಪೂರ್ಣ ಸಂಖ್ಯೆಯಲ್ಲೇ ಹೇಳುತ್ತವೆ. ಭಾಗಾಕಾರ ಮಾಡಿ ಶೇಷ ಇಟ್ಟುಕೊಂಡರೆ ಸುತ್ತುಗಳು ಚೂರೂ ಉಳಿಯದೆ ಕಳಚಿಕೊಳ್ಳುತ್ತವೆ. ಆದರೆ ಅಷ್ಟು ದೊಡ್ಡ ಸಂಖ್ಯೆಗಳ ಜೊತೆ ಗುದ್ದಾಡುವುದು ಯಾರಿಗೆ ಬೇಕು? ಭಾಸ್ಕರನೇ ‘ಕರಣಕುತೂಹಲ’ದಲ್ಲಿ ಕಲ್ಪದ ಆದಿಯನ್ನು ಬಿಟ್ಟು ತನ್ನ ಕಾಲದ 1183ರಿಂದ ದಿನಗಳನ್ನು ಎಣಿಸಿದ. ಸಂಖ್ಯೆ ಚಿಕ್ಕದಾದರೆ ಶ್ರಮವೂ ಕಡಿಮೆ, ತಪ್ಪೂ ಕಡಿಮೆ.

ಹದಿನಾರಂಕಿಯ ಯಂತ್ರದಲ್ಲಿ ಕಲ್ಯಾಣ–ಹುಮನಾಬಾದಿನ ದೂರ ಕೊಸೈನಿನಿಂದಲೂ ಸರಿಯಾಗಿಯೇ ಬರುತ್ತದೆ. ಎಡವುವುದು ಇನ್ನೂ ಹತ್ತಿರದ ಜಾಗಗಳಲ್ಲಿ. ಒಂದೇ ಬೀದಿಯ ಎರಡು ಮನೆಗಳಿಗೆ, ಒಂದೇ ಹೊಲದ ಎರಡು ಕಲ್ಲುಗಳಿಗೆ ಕೊಸೈನ್ ಒಂದಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಒಂದೇ ಜಾಗವನ್ನು ಎರಡು ಸಲ ಕೊಟ್ಟರೆ ಕೊನೆಯ ಅಂಕಿ ಮೇಲೇರಿ ಕೊಸೈನ್ ಒಂದನ್ನೇ ದಾಟುವುದುಂಟು. ಅಂಥ ಕೋನವೇ ಇಲ್ಲವಾದ್ದರಿಂದ ಯಂತ್ರ ‘ಸಂಖ್ಯೆಯಲ್ಲ’ ಎಂದು ಕೈಚೆಲ್ಲುತ್ತದೆ. ಯಾವ ಹಳ್ಳಿಗೆ ಯಾವ ಆಸ್ಪತ್ರೆ ಹತ್ತಿರ ಎಂದು ಸಾವಿರಾರು ಸಾಲುಗಳ ಪಟ್ಟಿ ತಯಾರಿಸುವವರಿಗೆ ಆಸ್ಪತ್ರೆ ಇರುವ ಹಳ್ಳಿಯೇ ಪಟ್ಟಿಯಿಂದ ಬಿಟ್ಟುಹೋದರೆ ಅದು ಹುಡುಗಾಟದ ಮಾತಲ್ಲ.

ಹಾಗಾಗಿ ಲೆಕ್ಕ ಹಾಕುವವರು ನೆನಪಿಡಬೇಕಾದವು ಮೂರು. ಹತ್ತಿರದ ದೂರಗಳಿಗೆ ಸೈನ್ ಆಧಾರಿತ ಸೂತ್ರವೇ ಲೇಸು. ಉತ್ತರ ಸೊನ್ನೆಯೇ ಎಂದು ಯಂತ್ರವನ್ನು ಕೇಳುವ ಬದಲು ಸೊನ್ನೆಗೆ ಸಾಕಷ್ಟು ಹತ್ತಿರವಿದೆಯೇ ಎಂದು ಕೇಳಬೇಕು. ಪರದೆಯ ಮೇಲೆ ಹದಿನಾರಂಕಿ ಮೂಡಿದ ಮಾತ್ರಕ್ಕೆ ಹದಿನಾರೂ ಸರಿ ಎಂದು ನಂಬಬಾರದು. ಎರಡು ದಶಮಾಂಶಕ್ಕೆ ಅಳೆದ ಅಕ್ಷಾಂಶದಿಂದ ಮೀಟರಿನ ಲೆಕ್ಕ ಹೊರಡುವುದಿಲ್ಲ. ತನ್ನ ಉತ್ತರ ಸ್ಥೂಲವೋ ಸೂಕ್ಷ್ಮವೋ ಎಂಬುದನ್ನು ಉತ್ತರದ ಜೊತೆಯಲ್ಲೇ ಹೇಳುವ ಪದ್ಧತಿಯನ್ನು ಭಾಸ್ಕರ ಹಾಕಿಕೊಟ್ಟು ಎಂಟು ಶತಮಾನಗಳೇ ಕಳೆದಿವೆ. ಯಂತ್ರ ಅದನ್ನು ತಾನಾಗಿ ಹೇಳುವುದಿಲ್ಲ. ಹೇಳಬೇಕಾದವರು ಅದನ್ನು ಬಳಸುವವರು.