ಕಡ್ಡಾಯ ಸೈನ್ಯಸೇವೆ: ಕಟ್ಟೆಯ ಮಾತು, ಕಾನೂನಿನ ಮಾತು

"ಹುಡುಗ್ರು ಕೆಟ್ಟು ಹೋಗ್ಯಾರ, ಎಲ್ಲಾರ್ನೂ ಎರಡು ವರ್ಷ ಮಿಲ್ಟ್ರಿಗೆ ಹಾಕ್ಬೇಕ್ ನೋಡ್ರಿ." ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಚಹಾದಂಗಡಿಗಳಿಗೆ ಈ ಮಾತು ಹೊಸದಲ್ಲ. ಹಿರಿಯರ ಕಳಕಳಿ ನಿಜವಾದದ್ದೇ. ಆದರೆ ಅದರ ಜೊತೆ ಹರಿದಾಡುವ ನಂಬಿಕೆಗಳಲ್ಲಿ ಹಲವು ತಪ್ಪು.

ನಂಬಿಕೆ: ಅಗ್ನಿಪಥ ಬಂತೆಂದರೆ ಕಡ್ಡಾಯ ಸೇವೆಯೂ ಬಂದಂತೆ.

ಸತ್ಯ: 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ, ಇಷ್ಟವಿದ್ದವರು ಅರ್ಜಿ ಹಾಕುವ ನೇಮಕಾತಿ. ಸೇವೆ ನಾಲ್ಕು ವರ್ಷ. ಪ್ರಕಟಿಸಿದಾಗ ಹೇಳಿದಂತೆ ಶೇ. 25ರಷ್ಟು ಮಂದಿ ಮುಂದುವರಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ ಮನೆಗೆ. ಈ ದೇಶದಲ್ಲಿ ಕಡ್ಡಾಯಕ್ಕೆ ಹತ್ತಿರ ಬಂದದ್ದರಲ್ಲಿ ಎನ್‌ಸಿಸಿಯೂ ಒಂದು. 1962ರ ಚೀನಾ ಯುದ್ಧದ ಪೆಟ್ಟು ತಿಂದ ಮೇಲೆ, 1963ರಲ್ಲಿ ಕಾಲೇಜು ಹುಡುಗರಿಗೆ ಅದನ್ನು ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಆಗ ಕಾಲೇಜು ಓದಿದ ಅಜ್ಜಂದಿರನ್ನು ಕೇಳಿ, ಪರೇಡಿನ ನೆನಪು ಸಿಕ್ಕೀತು.

ನಂಬಿಕೆ: ಸಂವಿಧಾನ ಇದಕ್ಕೆ ಅವಕಾಶವನ್ನೇ ಕೊಡುವುದಿಲ್ಲ.

ಸತ್ಯ: ಕೊಡುತ್ತದೆ. ಜೀತ, ಬಿಟ್ಟಿ ಚಾಕರಿಯನ್ನು ನಿಷೇಧಿಸುವ 23ನೇ ವಿಧಿಯೇ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಅದಕ್ಕೊಂದು ಷರತ್ತಿದೆ: ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡುವಂತಿಲ್ಲ. ಕಡ್ಡಾಯ ಬೇಕೆನ್ನುವವರು ಈ ಷರತ್ತನ್ನು ಎರಡು ಸಲ ಓದಬೇಕು. ಗದ್ದೆಯ ಮಾಲೀಕನ ಮಗನೂ ಅಲ್ಲಿ ನಾಟಿ ಹಚ್ಚುವವಳ ಮಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇನ್ನು 1976ರ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿ, ಕರೆ ಬಂದಾಗ ರಾಷ್ಟ್ರಸೇವೆ ಸಲ್ಲಿಸುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ. ಆ ಒಂದು ಮಾತಿನ ಮೇಲೆ ಯಾರಿಗೂ ಶಿಕ್ಷೆ ಕೊಡಲಾಗದು. ಸಂಸತ್ತು ಪ್ರತ್ಯೇಕ ಕಾನೂನು ಮಾಡಬೇಕು. ಎಲ್ಲ ಯುವಕರನ್ನೂ ಸೈನ್ಯಕ್ಕೆ ಕರೆಯುವ ಕಾನೂನು ಇವತ್ತಿಲ್ಲ.

ನಂಬಿಕೆ: ಕಳಿಂಗ ಯುದ್ಧದ ಬಳಿಕ ಅಶೋಕ ಸೈನ್ಯ ಬಿಟ್ಟ, ನಮ್ಮ ಮಸ್ಕಿ ಶಾಸನವೇ ಸಾಕ್ಷಿ.

ಸತ್ಯ: 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಈ ಶಾಸನದಲ್ಲಿ ಕಳಿಂಗದ ಪ್ರಸ್ತಾಪವೇ ಇಲ್ಲ. ಅದು ಬರುವುದು ಅಶೋಕನ 13ನೇ ಬಂಡೆಗಲ್ಲು ಶಾಸನದಲ್ಲಿ. ಅಲ್ಲಿಯೂ ಪಶ್ಚಾತ್ತಾಪ ಇದೆ, ಸೈನ್ಯ ವಿಸರ್ಜಿಸಿದ ಮಾತಿಲ್ಲ. ಮಸ್ಕಿಯ ಬಂಡೆ ಹೇಳುವುದೇ ಬೇರೆ: ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಲ್ಲರು.

ನಂಬಿಕೆ: ಸಂವಿಧಾನದ 371ಜೆ ವಿಧಿ ಇದೆಯಲ್ಲ, ಸೈನ್ಯದಲ್ಲೂ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಮೀಸಲಾತಿ ಸಿಗುತ್ತದೆ.

ಸತ್ಯ: ಸಿಗುವುದಿಲ್ಲ. ಆ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆ ಮತ್ತು ಕಾಲೇಜು ಸೀಟುಗಳಿಗೆ, ಸೇನೆ ಕೇಂದ್ರದ್ದು. ರಾಯಚೂರು ಜಿಲ್ಲೆಯವರ ಭರ್ತಿ ನೋಡಿಕೊಳ್ಳುವುದು ಬೆಳಗಾವಿಯ ಸೇನಾ ನೇಮಕಾತಿ ಕಚೇರಿ. ಮೊದಲು ಆನ್‌ಲೈನ್ ಪರೀಕ್ಷೆ. ಪಾಸಾದರೆ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಕಬ್ಬಿಣದ ಸರಳು ಹಿಡಿದು ಗದ್ದ ಮೇಲೆ ಬರುವಂತೆ ಮೈ ಎಳೆಯುವುದು, ಒಂಬತ್ತು ಅಡಿ ಗುಂಡಿ ಜಿಗಿಯುವುದು, ಆಮೇಲೆ ವೈದ್ಯಕೀಯ ತಪಾಸಣೆ. ಬೆಳಗಿನ ಜಾವ ನಾಲೆಯ ಏರಿ ಮೇಲೆ ಓಡುವ ಹುಡುಗರಿಗೆ ಕಡ್ಡಾಯದ ಭಯವಿಲ್ಲ, ಸೀಟು ಸಿಗದ ಭಯವಿದೆ. ಅದನ್ನೇ ಬಂಡವಾಳ ಮಾಡಿಕೊಂಡು "ಲಕ್ಷ ಕೊಡ್ರಿ, ಒಳಗ ಹಾಕಸ್ತೀನಿ" ಎನ್ನುವವರೂ ಇದ್ದಾರೆ. ಅರ್ಜಿ ಶುಲ್ಕ ಬಿಟ್ಟು ಈ ಭರ್ತಿಗೆ ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ. ಕೇಳಿದವರ ಮೇಲೆ ಪೊಲೀಸರಿಗೆ ದೂರು ಕೊಡಿ.