ಎತ್ತಿ ಕಟ್ಟಿದ ಪಂಚೆ, ಹುತ್ರಿದುರ್ಗದ ಬಂಡೆ

ಕುಣಿಗಲ್ ಕಡೆಯಿಂದ ಸಂತೇಪೇಟೆ ಸಮೀಪಿಸುತ್ತಿದ್ದಂತೆ ಹುತ್ರಿದುರ್ಗ ದಿಢೀರನೆ ಎದುರಿಗೆ ಎದ್ದು ನಿಲ್ಲುತ್ತದೆ. ಮುಂಜಾನೆಯ ಬಿಸಿಲು ಮೊದಲು ತಾಕುವುದು ನೆತ್ತಿಯ ಬೋಳುಬಂಡೆಗೆ. ಕೆಳಗಿನ ರಾಗಿ ಹೊಲ, ಹುಣಸೆ ಮರ, ಹೆಂಚಿನ ಮನೆ ಇನ್ನೂ ತಂಪಿನಲ್ಲೇ ಇರುತ್ತವೆ. ಭಾನುವಾರವಾದರೆ ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನುಚೀಲದ ಪಟ್ಟಿ ಬಿಗಿಯುತ್ತ, ಮೈಗಂಟಿದ ಪ್ಯಾಂಟಿನಲ್ಲಿ ಮೊಣಕಾಲು ಮಡಿಚಿ ನೋಡಿಕೊಳ್ಳುತ್ತ ಸಾಲುಗಟ್ಟುತ್ತಾರೆ. ಅವರ ಪಕ್ಕದಲ್ಲೇ ಕುರಿ ಹೊಡೆದುಕೊಂಡು ಒಬ್ಬ ಹಿರಿಯರು ಹೊರಡುತ್ತಾರೆ. ತಲೆಗೆ ಟವೆಲು, ಕೈಯಲ್ಲಿ ಕೋಲು, ಸೊಂಟದಲ್ಲಿ ಮಾಸಿದ ಬಿಳಿ ಪಂಚೆ. ಬಂಡೆ ಶುರುವಾಗುವ ಕಡೆ ಅವರು ನಿಲ್ಲುವುದೇ ಇಲ್ಲ. ನಡೆಯುತ್ತಲೇ ಹಿಮ್ಮಡಿಯಿಂದ ಪಂಚೆಯ ಅಂಚನ್ನು ಮೇಲಕ್ಕೆ ಚಿಮ್ಮುತ್ತಾರೆ, ಅದು ಗಾಳಿಯಲ್ಲಿರುವಾಗಲೇ ಕೈ ಅದನ್ನು ಹಿಡಿಯುತ್ತದೆ, ಎರಡು ಹೆಜ್ಜೆಯೊಳಗೆ ನಡುವಿನಲ್ಲಿ ಗಂಟಾಗುತ್ತದೆ. ಮೊಣಕಾಲು ಬಿಡುಗಡೆಯಾಯಿತು. ಇನ್ನು ಬೆಟ್ಟ ಅವರದು.

ಹುತ್ರಿದುರ್ಗದ ಎತ್ತರ ಸುಮಾರು 1,130 ಮೀಟರ್. ಕೆಂಪೇಗೌಡರ ಕಾಲದ ಕೋಟೆಯ ಹೆಬ್ಬಾಗಿಲುಗಳು ಒಂದರ ಹಿಂದೊಂದು ಬರುತ್ತವೆ. ನಡುನಡುವೆ ಪಾದ ಊರಲೆಂದು ಬಂಡೆಯಲ್ಲೇ ಕಡಿದ ಗುಳಿಗಳು. ಒಂದು ಗುಳಿಯಿಂದ ಇನ್ನೊಂದಕ್ಕೆ ಹೆಜ್ಜೆ ಇಡಬೇಕಾದರೆ ತೊಡೆ ಎದೆಯವರೆಗೆ ಏರಬೇಕು. ಇಲ್ಲಿ ಬಿಗಿ ಪ್ಯಾಂಟು ಮೊಣಕಾಲಲ್ಲಿ ಎಳೆಯುತ್ತದೆ, ತೊಡೆಸಂದಿಯಲ್ಲಿ ಹಿಡಿಯುತ್ತದೆ, ಬೆವರಿದ ಮೇಲಂತೂ ಚರ್ಮಕ್ಕೆ ಅಂಟಿಕೊಂಡು ಬಿಡುವುದೇ ಇಲ್ಲ. ಎತ್ತಿ ಕಟ್ಟಿದ ಪಂಚೆಯೊಳಗೆ ಕಾಲಿಗೆ ಯಾವ ತಡೆಯೂ ಇಲ್ಲ, ಕೆಳಗಿನಿಂದ ಗಾಳಿ ಆಡುತ್ತದೆ. ತುಮಕೂರು ಸೀಮೆಯ ಬೆಟ್ಟಗಳೆಲ್ಲ ಹೆಚ್ಚುಕಡಿಮೆ ಇಂಥವೇ: ನೆರಳು ಕಡಿಮೆ, ಕಲ್ಲು ಹೆಚ್ಚು, ಹತ್ತು ಗಂಟೆಯಾಯಿತೆಂದರೆ ಬಂಡೆಯೇ ಬಿಸಿ ಉಗುಳತೊಡಗುತ್ತದೆ. ಈ ಬೆಟ್ಟಗಳಿಗೆ ಪಂಚೆಗಿಂತ ಒಪ್ಪುವ ಉಡುಗೆಯನ್ನು ನಾನು ಕಂಡಿಲ್ಲ.

ಆದರೆ ಉಡುವ ಬಗೆ ಗೊತ್ತಿರಬೇಕು. ಸಮತಟ್ಟಾದ ಕಾಲುದಾರಿಯಲ್ಲಿ ಇಳಿಬಿಟ್ಟ ಪಂಚೆ ಸಾಕು. ಏರು ಬಂದಾಗ ಮಡಿಚಿ ಮೊಣಕಾಲ ಮೇಲಕ್ಕೆ. ಕೈಯೂರಿ ಹತ್ತುವ ಬಂಡೆ ಬಂದರೆ ಮುಂದಿನ ಅಂಚನ್ನು ಕಾಲುಗಳ ನಡುವೆ ಹಿಂದಕ್ಕೆ ತೆಗೆದು ಬೆನ್ನ ಕೆಳಗೆ ಸಿಕ್ಕಿಸಿ ಕಾಸೆ ಹಾಕಬೇಕು. ಗಾಳಿಗೆ ಹಾರದು, ಕಾಲಿಗೆ ಸಿಗದು. ಒಂದೇ ಬಟ್ಟೆ, ಇಳಿಜಾರು ಬದಲಾದಂತೆ ಕಟ್ಟು ಬದಲು. ಹೊಲಿದ ಬಟ್ಟೆಗೆ ಈ ಭಾಗ್ಯವಿಲ್ಲ.

ಒಳಗಿನ ವಿಷಯವನ್ನೂ ಹೇಳಬೇಕು, ಸುಖವೆಲ್ಲ ನಿಂತಿರುವುದು ಅದರ ಮೇಲೆಯೇ. ನಮ್ಮ ರೈತರ ಪಟಾಪಟಿ ಚಡ್ಡಿಯನ್ನು ಮೀರಿಸುವ ಒಳಉಡುಪು ಬೆಟ್ಟಕ್ಕೆ ಇನ್ನೊಂದಿಲ್ಲ. ಪಟ್ಟೆಪಟ್ಟೆ ಹತ್ತಿಯ ಬಟ್ಟೆ, ಅರ್ಧ ತೊಡೆಯವರೆಗೆ ಅಗಲವಾದ ಕಾಲು, ಪಕ್ಕದಲ್ಲೊಂದು ಆಳದ ಜೇಬು. ಎರಡು ತೊಡೆಗಳ ನಡುವೆ ಅದು ಇರುವುದರಿಂದ ಮೈಲಿಗಟ್ಟಲೆ ನಡೆದರೂ ಚರ್ಮಕ್ಕೆ ಚರ್ಮ ಉಜ್ಜುವುದಿಲ್ಲ. ಆದರೂ ಉರಿ ಶುರುವಾದರೆ ಒಂದು ಬೆರಳು ಕೊಬ್ಬರಿ ಎಣ್ಣೆ, ಅಷ್ಟೆ. ತೆಂಗಿನ ಜಿಲ್ಲೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೆನ್ನುಚೀಲ ಹೊತ್ತಾಗ ಗಂಟಿನ ಜಾಗ ಮುಖ್ಯ. ಪಂಚೆಯ ಗಂಟನ್ನು ನಡುಮಧ್ಯಕ್ಕೆ ತಂದರೆ ಚೀಲದ ಸೊಂಟಪಟ್ಟಿಯ ಬಕಲ್ ಅದರ ಮೇಲೆಯೇ ಕುಳಿತು ಹೊಟ್ಟೆಗೆ ಒತ್ತುತ್ತದೆ. ಗಂಟನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಮೇಲೊಂದು ಬೆಲ್ಟ್ ಬಿಗಿದು, ಅದರ ಮೇಲೆ ಚೀಲದ ಪಟ್ಟಿ ಹಾಕಿದರೆ ಪಂಚೆ ಜಾರುವ ಮಾತೇ ಇಲ್ಲ. ಚೀಲದ ಭಾರವೇ ಅದನ್ನು ಹಿಡಿದಿರುತ್ತದೆ. ಇಳಿಯುವಾಗ ಮಾತ್ರ ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು.

ಗುಬ್ಬಿಯ ತೋಟಗಳಲ್ಲಿ ಇದೇ ವಿದ್ಯೆ ನೆಟ್ಟಗೆ ಆಕಾಶಕ್ಕೇರುತ್ತದೆ. ತೆಂಗು ಅಡಿಕೆಗಳ ಸಾಲಿನ ನಡುವೆ ನೀರಿನ ಕಾಲುವೆ, ಒದ್ದೆ ಮಣ್ಣಿನ ವಾಸನೆ, ಮೇಲೆ ಗಿಳಿಗಳ ಗಲಾಟೆ. ಎಳನೀರು ಇಳಿಸುವವನು ಪಾದಗಳೆರಡಕ್ಕೂ ಸೇರಿಸಿ ಹಗ್ಗದ ಸುತ್ತು ಹಾಕಿಕೊಂಡು, ಮಚ್ಚನ್ನು ಬೆನ್ನ ಹಿಂದೆ ಸಿಕ್ಕಿಸಿ, ಲುಂಗಿಯನ್ನು ಕಾಸೆ ಬಿಗಿದು ಮರ ತಬ್ಬುತ್ತಾನೆ. ಮೊಣಕಾಲು ಹೊರಕ್ಕೆ ಅರಳುತ್ತದೆ, ಮಡಚುತ್ತದೆ, ಮತ್ತೆ ಅರಳುತ್ತದೆ. ತಲೆ ಎತ್ತಿ ನೋಡುತ್ತಿದ್ದವರ ಕುತ್ತಿಗೆ ನೋಯುವ ಮೊದಲೇ ಅವನು ಸೋಗೆಯೊಳಗಿರುತ್ತಾನೆ. ಬಟ್ಟೆ ಒಂದಿಂಚೂ ಕದಲಿರುವುದಿಲ್ಲ.

ಈ ಊರಿಗೆ ಕಚ್ಚೆಯ ನೆನಪು ಇನ್ನೊಂದು ದಾರಿಯಿಂದಲೂ ಬರುತ್ತದೆ. 1884ರಲ್ಲಿ ಇಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಆ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತದೆ. ಹಗಲು ಹೊಲದಲ್ಲಿ ಪಂಚೆ ಎತ್ತಿ ಕಟ್ಟಿದವನೇ ರಾತ್ರಿ ವೀರಗಚ್ಚೆ ತೊಟ್ಟು ಭೀಮನಾಗಿ ಗದೆ ಬೀಸುತ್ತಾನೆ. ಬಗ್ಗಿ, ಜಿಗಿದು, ಮಂಡಿಯೂರಿ ಹಾಡುವ ಆ ಮೈಗೆ ಸಡಿಲ ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುವುದು ಅಭ್ಯಾಸವಾಗಿಯೇ ಬಂದಿರುತ್ತದೆ.

ಕಡಲಾಚೆಯೂ ಸಡಿಲ ಉಡುಗೆಯ ಈ ಸುಖ ಬಲ್ಲ ಜನರಿದ್ದಾರೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಗಂಡಸರು ನಡುವಿಗೆ ಸುತ್ತುವ ನೆರಿಗೆಯ ಉಡುಗೆ ಕಿಲ್ಟ್. ಅಮೆರಿಕದಲ್ಲಿ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲಾಚಿಯನ್ ಚಾರಣದಾರಿಯಲ್ಲಿ ಇಂದು ಕಿಲ್ಟ್ ಉಟ್ಟು ನಡೆಯುವವರು ಸಿಗುತ್ತಾರೆ. ಅವರು ಹೇಳುವುದೂ ಇದನ್ನೇ: ಗಾಳಿ, ಬಿಡುಗಡೆ, ಬೇಗ ಒಣಗುವ ಬಟ್ಟೆ. ಹಳೆಯ ಕಿಲ್ಟ್ ಈಗಿನಂತೆ ಹೊಲಿದದ್ದಲ್ಲ. ಉದ್ದನೆಯ ಉಣ್ಣೆ ಬಟ್ಟೆಗೆ ನೆರಿಗೆ ಹಿಡಿದು ನಡುವಿಗೆ ಪಟ್ಟಿ ಬಿಗಿಯುತ್ತಿದ್ದರು, ಮಿಕ್ಕದ್ದು ಹೆಗಲ ಮೇಲೆ. ರಾತ್ರಿ ಅದೇ ಹೊದಿಕೆ. ಶಿರಾ, ಪಾವಗಡ ಕಡೆಯ ಕುರಿಗಾಹಿಗಳು ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮಲಗಲು ಹಾಸಿಗೆ ಎಂದು ಒಂದೇ ಕಂಬಳಿಯಲ್ಲಿ ದಿನ ಕಳೆಯುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ಸ್ಕಾಟ್ಲೆಂಡಿನ ಬಂಡಾಯದ ಬಳಿಕ 1746ರಲ್ಲಿ ಬ್ರಿಟಿಷ್ ಸರ್ಕಾರ ಕಿಲ್ಟ್ ಉಡುಗೆಯನ್ನು ಕಾನೂನು ಮಾಡಿ ನಿಷೇಧಿಸಿತು. 1782ರವರೆಗೂ ನಿಷೇಧ ತೆಗೆಯಲಿಲ್ಲ. ಅದಾಗಿ ಒಂಬತ್ತು ವರ್ಷಕ್ಕೆ, 1791ರ ಡಿಸೆಂಬರ್‌ನಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ಹಿಡಿದು, ಅದರ ಬೆನ್ನಿಗೇ ಹುತ್ರಿದುರ್ಗವನ್ನೂ ಟಿಪ್ಪುವಿನಿಂದ ಕಸಿದುಕೊಂಡಿತು. ಆ ಸೈನ್ಯದಲ್ಲಿ ಸ್ಕಾಟ್ಲೆಂಡಿನ ಅದೇ ಬೆಟ್ಟಸೀಮೆಯ ಹೈಲ್ಯಾಂಡ್ ಪಡೆಗಳೂ ಇದ್ದವು. ಉಡುಗೆಗಾಗಿ ದಂಡನೆ ಕಂಡ ಊರಿನ ಮಕ್ಕಳು, ಪಂಚೆ ಉಡುವ ಈ ಬೆಟ್ಟಗಳ ನಾಡಿಗೆ ತುಪಾಕಿ ಹಿಡಿದು ಬಂದರು ಎಂಬುದು ಕೋಟೆಯ ಬಿದ್ದ ಗೋಡೆಯ ಪಕ್ಕ ಹಾದುಹೋಗುವಾಗಲೆಲ್ಲ ನನ್ನ ಮನಸ್ಸನ್ನು ಕಲಕುತ್ತದೆ.

ಉಡುಗೆಯ ಮೇಲಿನ ಕಾವಲು ನಮ್ಮಲ್ಲೂ ಮುಗಿದಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದು ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆಯಿತು. ವಿಧಾನಸಭೆಯಲ್ಲಿ ಅದು ಚರ್ಚೆಯಾಯಿತು. ಬೆಟ್ಟಗಳ ಹೆಬ್ಬಾಗಿಲಲ್ಲಿ ಹಾಗೆ ತಡೆಯುವವರಿಲ್ಲ. ಸಿದ್ಧಗಂಗೆಯ ಮೆಟ್ಟಿಲು ಹತ್ತುವ ಭಕ್ತರಲ್ಲಿ ಪಂಚೆಯವರೇ ಮುಂದೆ. ಸೌದೆ ಹೊರೆ ಹೊತ್ತ ಹೆಂಗಸರು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಹುತ್ರಿದುರ್ಗದ ತಪ್ಪಲಿನಲ್ಲಿ ಇಳಿಯುವ ವೇಗಕ್ಕೆ ಯಾವ ಚಾರಣದ ಶೂ ಕೂಡ ಸಾಟಿಯಾಗದು.

ಪಂಚೆಯನ್ನು ಪರೀಕ್ಷೆಗೆ ಒಡ್ಡುವುದು ದೇವರಾಯನದುರ್ಗದ ಕಾಡು. ತುಮಕೂರಿಗೆ ಹತ್ತಿರದ, ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ. ಸುತ್ತ ಕುರುಚಲು ಕಾಡು. ಮಳೆಗಾಲ ಮುಗಿದ ಮೇಲೆ ಇಲ್ಲಿ ಉತ್ತರಾಣಿ ಕಡ್ಡಿ ಅಂಚಿನುದ್ದಕ್ಕೂ ಹತ್ತಿಕೊಳ್ಳುತ್ತದೆ, ಲಂಟಾನ ಬರಿಗಾಲನ್ನು ಗೀರುತ್ತದೆ. ಅಂಥ ಕಡೆ ಪಂಚೆಯನ್ನು ಇಳಿಬಿಟ್ಟು ನಿಧಾನ ನಡೆಯುವುದೇ ಸರಿ. ಬಯಲು ಸಿಕ್ಕ ಕೂಡಲೇ ಮತ್ತೆ ಎತ್ತಿ ಕಟ್ಟಿದರಾಯಿತು. ದಾರಿಯಲ್ಲಿ ಮಳೆ ಹಿಡಿಯಿತೆನ್ನಿ. ಜೀನ್ಸ್ ನೀರು ಕುಡಿದು ಇಡೀ ದಿನ ಕಾಲಿಗೆ ಭಾರವಾಗುತ್ತದೆ. ಪಂಚೆಯನ್ನು ಬಿಚ್ಚಿ ಹಿಂಡಿ, ಬಂಡೆಯ ಮೇಲೆ ಹರವಿ, ಚಡ್ಡಿಯಲ್ಲೇ ಕುಳಿತು ಬುತ್ತಿ ಬಿಚ್ಚಿದರೆ ರೊಟ್ಟಿ ಚಟ್ನಿ ಮುಗಿಯುವ ಹೊತ್ತಿಗೆ ಅದು ಗರಿಗರಿ. ಬೇಕೆಂದಾಗ ಅದೇ ಒರೆಸುವ ಬಟ್ಟೆ, ಬಟ್ಟೆ ಬದಲಿಸಲು ಮರೆ, ರಾತ್ರಿ ತಂಗಿದರೆ ಹೊದಿಕೆ.

ಕೊಳ್ಳುವವರಿಗೆ ಒಂದೆರಡು ಮಾತು. ತುಮಕೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಮದುವೆಯ ಜರಿ ಪಂಚೆಯನ್ನೇ ಮೊದಲು ತೋರಿಸುತ್ತಾರೆ, ಅದು ಬೇಡ. ಎಂಟು ಮೊಳದ್ದು ಕಚ್ಚೆ ಬಲ್ಲವರಿಗೆ ಸೊಗಸು, ಹೊಸಬರಿಗೆ ನಾಲ್ಕು ಮೊಳದ್ದೇ ಹಗುರ. ಬರಿ ಹತ್ತಿಯದಾಗಿರಲಿ, ನೇಯ್ಗೆ ತುಸು ದಪ್ಪವಿರಲಿ, ಬಣ್ಣ ಬಿಳಿಗಿಂತ ಮಣ್ಣುಗೆಂಪು ಅಥವಾ ಕಾವಿ ಆದರೆ ಬಂಡೆಯ ಕೊಳೆ ಕಾಣದು. ಹೊಸ ಪಂಚೆಯಲ್ಲಿ ಗಂಜಿ ಇರುತ್ತದೆ, ಗಂಟು ನಿಲ್ಲದೆ ಜಾರುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಚೆನ್ನಾಗಿ ಒಗೆದು ಒಣಗಿಸಿ, ಮನೆಯಲ್ಲಿ ನಾಲ್ಕು ದಿನ ಉಟ್ಟು ಓಡಾಡಿದ ಮೇಲೆಯೇ ಅದನ್ನು ಬೆಟ್ಟಕ್ಕೆ ಕೊಂಡೊಯ್ಯಬೇಕು.